‘ಚಾಲಕನ ಅಜಾಗರೂಕತೆ’ ಎಂದಷ್ಟೇ ಬರೆದು ಕಡತ ಮುಚ್ಚಬೇಡಿ: ಮೂರು ಜಿಲ್ಲೆಗಳ ರಸ್ತೆ ಸುರಕ್ಷತಾ ಸಮಿತಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗಳ ಅಧ್ಯಕ್ಷರು,
ಧಾರವಾಡ, ಗದಗ ಮತ್ತು ಹಾವೇರಿ.

ವಿಷಯ: ಪ್ರತಿ ಅಪಘಾತದಲ್ಲೂ ಚಾಲಕನ ಹಿನ್ನೆಲೆ ಮತ್ತು ವಾಹನದ ಬಗೆಯನ್ನು ಒಟ್ಟಿಗೆ ದಾಖಲಿಸಿ, ಅದರಂತೆ ಕ್ರಮ ಕೈಗೊಳ್ಳುವ ಕುರಿತು.

ಮಾನ್ಯರೇ,

2021ರ ಜನವರಿ 15ರ ಬೆಳಗ್ಗೆ ಧಾರವಾಡ ಸಮೀಪದ ಇಟ್ಟಿಗಟ್ಟಿ ಬಳಿ ಬೈಪಾಸಿನಲ್ಲಿ ಟೆಂಪೊ ಟ್ರಾವೆಲರ್‌ಗೂ ಟಿಪ್ಪರ್‌ಗೂ ಡಿಕ್ಕಿಯಾಯಿತು; ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಗೆಳತಿಯರ ತಂಡದ ಹೆಚ್ಚಿನವರು ಮನೆಗೆ ಮರಳಲಿಲ್ಲ. 2022ರ ಮೇ ತಿಂಗಳಲ್ಲಿ ಧಾರವಾಡ ತಾಲೂಕಿನ ಬಾಡ ಗ್ರಾಮದ ಬಳಿ, ನಿಶ್ಚಿತಾರ್ಥ ಮುಗಿಸಿ ಹೊರಟಿದ್ದವರ ಕ್ರೂಸರ್ ಮರಕ್ಕೆ ಬಡಿದು ಮಕ್ಕಳೂ ಸೇರಿ ಹಲವರು ತೀರಿಕೊಂಡರು. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಕ್ರಾಸ್ ಬಳಿ, ಸವದತ್ತಿ ಯಲ್ಲಮ್ಮನ ದರ್ಶನ ಮುಗಿಸಿ ಭದ್ರಾವತಿ ಕಡೆ ಮರಳುತ್ತಿದ್ದವರ ಟೆಂಪೊ ಟ್ರಾವೆಲರ್ ನಿಂತ ಲಾರಿಗೆ ಗುದ್ದಿ 13 ಜನ ಸತ್ತರು. 2025ರ ಜನವರಿ 22ರಂದು ಸವಣೂರಿನಿಂದ ಹಣ್ಣು, ತರಕಾರಿ ಹೇರಿಕೊಂಡು ಕುಮಟಾ ಸಂತೆಗೆ ಹೊರಟಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರ ಬಳಿ ಉರುಳಿ, ಅದರಲ್ಲಿದ್ದ 10 ವ್ಯಾಪಾರಸ್ಥರು ಪ್ರಾಣ ಕಳೆದುಕೊಂಡರು.

ಈ ನಾಲ್ಕೂ ಒಂದೇ ಬಗೆಯ ಅಪಘಾತಗಳಲ್ಲ. ಒಂದರಲ್ಲಿ ಹಗುರ ಬಂಡಿಗೆ ಭಾರದ ಬಂಡಿ ಎದುರಾಯಿತು. ಒಂದರಲ್ಲಿ ನಿಶ್ಚಿತಾರ್ಥದ ಜನ ತುಂಬಿದ ಬಂಡಿಯಿತ್ತು. ಒಂದರಲ್ಲಿ ಹೆದ್ದಾರಿಯಲ್ಲಿ ನಿಂತ ಲಾರಿ, ಇನ್ನೊಂದರಲ್ಲಿ ಸರಕಿನ ಜೊತೆ ಕೂತ ಜನ. ಆದರೆ ನಮ್ಮ ಠಾಣೆಗಳ ಪ್ರಥಮ ವರ್ತಮಾನ ವರದಿಗಳಲ್ಲಿ ಇಂಥ ಎಲ್ಲ ಪ್ರಕರಣಗಳಿಗೂ ಸಾಮಾನ್ಯವಾಗಿ ಒಂದೇ ಸಾಲು ಬೀಳುತ್ತದೆ: ‘ಅತಿವೇಗ ಮತ್ತು ಅಜಾಗರೂಕತೆಯ ಚಾಲನೆ’. ಹಿಂದೆ ಭಾರತೀಯ ದಂಡ ಸಂಹಿತೆಯ 279 ಮತ್ತು 304-ಎ ಕಲಮುಗಳಿದ್ದವು, ಈಗ ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106. ನ್ಯಾಯಾಲಯಕ್ಕೆ ಆ ಸಾಲು ಬೇಕು, ಒಪ್ಪುತ್ತೇವೆ. ಆದರೆ ಮುಂದಿನ ಅಪಘಾತವನ್ನು ತಡೆಯುವುದಕ್ಕೆ ಅದರಿಂದ ಏನೂ ಸಿಗುವುದಿಲ್ಲ. ಯಾವ ಚಾಲಕ, ಯಾವ ಬಂಡಿಯ ಮೇಲೆ, ಎಷ್ಟು ಹೊತ್ತಿನಿಂದ, ಯಾರ ಒತ್ತಾಯಕ್ಕೆ, ಎಷ್ಟು ಹೇರಿಕೊಂಡು ಹೊರಟಿದ್ದ ಎಂಬುದನ್ನು ಬರೆದುಕೊಂಡರೆ ಮಾತ್ರ ಕಾರಣ ಕೈಗೆ ಸಿಗುತ್ತದೆ.

ಮೂರೂ ಜಿಲ್ಲೆಗಳಲ್ಲಿ ಲಾರಿ, ಬಸ್, ಟ್ರ್ಯಾಕ್ಟರ್ ಓಡಿಸುವವರು, ಗ್ಯಾರೇಜಿನವರು, ಚಾಲನೆ ಕಲಿಸುವವರು ಸೇರಿ ಈ ಪತ್ರ ಬರೆಯುತ್ತಿದ್ದೇವೆ.

‘ಹಿನ್ನೆಲೆ’ ಎಂದಕೂಡಲೇ ಸಭೆಗಳಲ್ಲಿ ಚಾಲಕ ಓದಿಲ್ಲ, ಹಳ್ಳಿಯವನು, ಕುಡಿಯುತ್ತಾನೆ ಎಂಬ ಮಾತು ಬರುತ್ತದೆ. ಕುಡಿತಕ್ಕೆ ಕಾನೂನಿದೆ, 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿದರೆ ಶಿಕ್ಷೆ, ಅದು ಆಗಲೇಬೇಕು. ಓದಿನ ವಿಷಯದಲ್ಲಿ, ಸಾರಿಗೆ ವಾಹನ ಓಡಿಸಲು ಎಂಟನೇ ತರಗತಿ ಪಾಸಾಗಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರವೇ 2019ರಲ್ಲಿ ತೆಗೆದುಹಾಕಿತು, ಅದು ಸರಿಯೂ ಹೌದು. ಓದು ಬಾರದ ಎಷ್ಟೋ ಚಾಲಕರು ಬ್ರೇಕಿನ ಸದ್ದಿನಲ್ಲೇ ಲೈನರ್ ಸವೆದದ್ದನ್ನು ಹೇಳುತ್ತಾರೆ. ರಸ್ತೆಯಲ್ಲಿ ಲೆಕ್ಕಕ್ಕೆ ಬರುವ ಹಿನ್ನೆಲೆ ಬೇರೆಯೇ ಇದೆ. ಇದೇ ಬಗೆಯ ಬಂಡಿಯನ್ನು ಎಷ್ಟು ತಿಂಗಳಿಂದ ಓಡಿಸುತ್ತಿದ್ದಾನೆ, ಕೊನೆಯ ಸಲ ಮಲಗಿದ್ದು ಯಾವಾಗ, ಕಣ್ಣು ಪರೀಕ್ಷೆ ನಿಜವಾಗಿ ಆಗಿದೆಯೋ ಅಥವಾ ವೈದ್ಯಕೀಯ ಪ್ರಮಾಣಪತ್ರದ ಫಾರ್ಮ್ 1-ಎ ಮೇಲೆ ಮುದ್ರೆ ಮಾತ್ರ ಬಿದ್ದಿದೆಯೋ, ತಿಂಗಳ ಸಂಬಳವೋ ಟ್ರಿಪ್ ಲೆಕ್ಕವೋ. ಟ್ರಿಪ್ ಲೆಕ್ಕದ ಟಿಪ್ಪರ್ ಚಾಲಕ ಉಸುಕಿನ ಎರಡನೇ ಟ್ರಿಪ್ಪಿಗೆ ಓಡುವುದು ಚಟಕ್ಕಲ್ಲ, ಆ ದಿನದ ಕೂಲಿ ಅದರ ಮೇಲೆ ನಿಂತಿರುತ್ತದೆ. ಟಿಪ್ಪರ್‌ಗೆ ವೇಗ ನಿಯಂತ್ರಕ ಗಂಟೆಗೆ 60 ಕಿಲೊಮೀಟರ್‌ಗೆ ಕಟ್ಟಿರಬೇಕೆಂದು ನಿಯಮವಿದೆ. ಆ ತಂತಿ ಕಳಚುವುದು ಹತ್ತು ನಿಮಿಷದ ಕೆಲಸ, ಕಳಚಿಸುವವನು ಹೆಚ್ಚಾಗಿ ಮಾಲೀಕ.

ಇನ್ನು ಲೈಸೆನ್ಸ್. ಹಗುರ ವಾಹನದ ಲೈಸೆನ್ಸ್ ಇದ್ದವರು 7,500 ಕೆ.ಜಿ. ಒಳಗಿನ ಸಾರಿಗೆ ವಾಹನವನ್ನೂ ಓಡಿಸಬಹುದು ಎಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್ 6ರಂದು ಎತ್ತಿಹಿಡಿಯಿತು. ಇಂಥ ಚಾಲಕರಿಂದಲೇ ಅಪಘಾತಗಳು ಹೆಚ್ಚುತ್ತಿವೆ ಎಂದು ತೋರಿಸುವ ಅಂಕಿಅಂಶ ಯಾವುದನ್ನೂ ತನ್ನ ಮುಂದೆ ಇಟ್ಟಿಲ್ಲ ಎಂದೂ ಪೀಠ ಹೇಳಿತು. ಬಡ ಚಾಲಕರ ಬದುಕಿನ ದೃಷ್ಟಿಯಿಂದ ಈ ತೀರ್ಪನ್ನು ನಾವು ಸ್ವಾಗತಿಸುತ್ತೇವೆ. ಆದರೆ ದೇಶದ ಅತ್ಯುನ್ನತ ನ್ಯಾಯಾಲಯಕ್ಕೆ ಬೇಕಾಗಿದ್ದ ಅಂಕಿ ಯಾರ ಬಳಿಯೂ ಇರಲಿಲ್ಲ ಎಂಬುದು ತಮ್ಮಂಥ ಸಮಿತಿಗಳು ಗಂಭೀರವಾಗಿ ತೆಗೆದುಕೊಳ್ಳಬೇಕಾದ ಮಾತು. ಸಣ್ಣ ಕಾರಿನಲ್ಲಿ ಪರೀಕ್ಷೆ ಪಾಸಾದವನು ಮರುವಾರ ಈರುಳ್ಳಿ ಚೀಲ ಹೇರಿದ ಮಿನಿ ಲಾರಿಯನ್ನು ಗದಗದಿಂದ ಅಮರಗೋಳ ಎಪಿಎಂಸಿಗೆ ತರಬಹುದು, ಕಾನೂನು ತಡೆಯುವುದಿಲ್ಲ. ಪರೀಕ್ಷೆಯಲ್ಲಿ ಅವನು ರಾತ್ರಿ ಓಡಿಸಿಲ್ಲ, ಹೇರು ಇಟ್ಟು ಬ್ರೇಕ್ ಹಾಕಿಲ್ಲ, ಹೆದ್ದಾರಿಗೆ ಸೇರಿಕೊಳ್ಳುವುದನ್ನು ಕಲಿತಿಲ್ಲ. ಖಾಲಿ ಬಂಡಿಗೆ ಒಗ್ಗಿದ ಕಾಲು ತುಂಬಿದ ಬಂಡಿಯಲ್ಲಿ ಬ್ರೇಕನ್ನು ತಡವಾಗಿ ಒತ್ತುತ್ತದೆ. ಘಟ್ಟ ಇಳಿಯುವಾಗ ಡೀಸೆಲ್ ಉಳಿಸಲೆಂದು ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಹಿಡಿತ ತಪ್ಪಿ ಪೂರ್ತಿ ಭಾರ ಡ್ರಮ್ಮಿನ ಮೇಲೆ ಬೀಳುತ್ತದೆ. ಡ್ರಮ್ ಕಾದು ಲೈನರ್ ಹಿಡಿಯುವುದನ್ನೇ ಬಿಡುತ್ತದೆ. ಘಟ್ಟ ಏರುವಾಗ ಹಾಕಿದ ಗೇರಿನಲ್ಲೇ ಇಳಿಯಬೇಕೆಂಬ ಪಾಠ ಹೇರು ಇಟ್ಟ ಬಂಡಿಯ ಮೇಲೆ ಅವನಿಗೆ ಸಿಕ್ಕಿರುವುದಿಲ್ಲ.

ದುಡಿಮೆಯ ಹೊತ್ತಿನ ಬಗ್ಗೆ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯೇ ಸ್ಪಷ್ಟವಾಗಿ ಹೇಳಿತ್ತು: ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ಮೀರುವ ಮುನ್ನ ಕನಿಷ್ಠ ಅರ್ಧ ಗಂಟೆ ವಿರಾಮ. ಬಾಡಿಗೆ ಟೆಂಪೊ ಟ್ರಾವೆಲರ್‌ನವರು ಹಗಲು ಊರಲ್ಲಿ ಓಡಿಸಿ, ರಾತ್ರಿ ಯಾತ್ರೆಗೆ ಹೊರಟು, ದರ್ಶನ ಮುಗಿಯುವವರೆಗೆ ಬಂಡಿಯಲ್ಲೇ ಕೂತು, ಮತ್ತೆ ರಾತ್ರಿಯೇ ಮರಳುತ್ತಾರೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗೆ ಸವದತ್ತಿ ಗುಡ್ಡಕ್ಕೆ ಹೋಗಿಬರುವ ಬಂಡಿಗಳಲ್ಲಿ ಎರಡನೇ ಚಾಲಕ ಇರುವುದು ಅಪರೂಪ. ಗಂಟೆಗೆ 80 ಕಿಲೊಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಬಂಡಿ 22 ಮೀಟರ್ ಸಾಗುತ್ತದೆ. ನಿದ್ದೆಗೆಟ್ಟ ಚಾಲಕ ಒಂದೇ ಒಂದು ಸೆಕೆಂಡು ತಡಮಾಡಿದರೂ ಅಷ್ಟು ದೂರ ಹೆಚ್ಚು. ಬಸ್ಸಿನ ನಿದ್ದೆಗಣ್ಣಿನ ಚಾಲಕನನ್ನೂ, ಯಾತ್ರೆಯ ನಿದ್ದೆಗಣ್ಣಿನ ಚಾಲಕನನ್ನೂ ‘ಅಜಾಗರೂಕ’ ಎಂದು ಬರೆದರೆ, ಎರಡನೇ ಚಾಲಕನನ್ನು ಕೊಡದ ಮಾಲೀಕ ದಾಖಲೆಯಿಂದ ಮಾಯವಾಗುತ್ತಾನೆ.

ಮೂರು ಜಿಲ್ಲೆಗಳಲ್ಲೂ ನಮ್ಮನ್ನು ಅತಿ ಹೆಚ್ಚು ಕಾಡುವುದು ಟ್ರ್ಯಾಕ್ಟರ್ ಟ್ರೇಲರ್. ಕಬ್ಬಿನ ಹಂಗಾಮು ಶುರುವಾದರೆ ಕಲಘಟಗಿ, ಅಳ್ನಾವರ ಕಡೆಯಿಂದ ಹಳಿಯಾಳಕ್ಕೆ, ಹಾವೇರಿಯ ಸುತ್ತಲಿನ ಹಳ್ಳಿಗಳಿಂದ ಸಂಗೂರಿಗೆ, ಮುಂಡರಗಿ ಭಾಗದಲ್ಲೂ ಜೋಡಿ ಟ್ರೇಲರ್‌ಗಳು ರಾತ್ರಿಯಿಡೀ ಓಡಾಡುತ್ತವೆ. ಹಿಂದಿನ ಟ್ರೇಲರ್‌ಗೆ ಕೆಂಪು ದೀಪ ಇರುವುದಿಲ್ಲ. ಇದಕ್ಕೆ ಕಾರಣ ಬರೀ ಉದಾಸೀನವಲ್ಲ. ಟ್ರೇಲರ್‌ಗಳು ಒಂದು ಟ್ರ್ಯಾಕ್ಟರಿನಿಂದ ಇನ್ನೊಂದಕ್ಕೆ ಬದಲಾಗುತ್ತವೆ, ಒಂದರ ಸಾಕೆಟ್ ಇನ್ನೊಂದಕ್ಕೆ ಕೂಡುವುದಿಲ್ಲ. ಹೊಲದ ದಾರಿಯ ಕುಲುಕಾಟಕ್ಕೆ ತಂತಿ ಹರಿಯುತ್ತದೆ. ಅರ್ಥ್ ಕಟ್ಟಿದ ಬೋಲ್ಟ್ ತುಕ್ಕು ಹಿಡಿದು ಬಲ್ಬು ಮಿಣುಕುತ್ತದೆ, ಆಮೇಲೆ ಆರುತ್ತದೆ. ಎಲ್ಲ ಸರಿಯಿದ್ದರೂ ಹಿಂದಕ್ಕೆ ಚಾಚಿದ ಕಬ್ಬಿನ ಜಲ್ಲೆ ದೀಪವನ್ನೂ ರಿಫ್ಲೆಕ್ಟರನ್ನೂ ಮುಚ್ಚಿಬಿಡುತ್ತದೆ.

ಇದರ ಪರಿಣಾಮವನ್ನು ಲೆಕ್ಕ ಹಾಕಿ ನೋಡಿ. ಬೈಕಿನ ಅಥವಾ ಕಾರಿನ ಡಿಮ್ ಬೆಳಕಿನಲ್ಲಿ ಕಪ್ಪಗಿನ ವಸ್ತು ಕಾಣುವುದು ಸುಮಾರು 40ರಿಂದ 50 ಮೀಟರ್ ಒಳಗೆ. 60 ಕಿಲೊಮೀಟರ್ ವೇಗದಲ್ಲಿರುವ ಕಾರು, ಚಾಲಕ ಒಂದೂವರೆ ಸೆಕೆಂಡಿನಲ್ಲಿ ಬ್ರೇಕ್ ಒತ್ತಿದರೆ, ಒಣ ಡಾಂಬರಿನ ಮೇಲೆ ನಿಲ್ಲಲು ಸುಮಾರು 48 ಮೀಟರ್ ಬೇಕು. 80ರ ವೇಗಕ್ಕೆ ಸುಮಾರು 74 ಮೀಟರ್. ಎದುರಿನ ಲಾರಿಯ ಬೆಳಕು ಕಣ್ಣಿಗೆ ಹೊಡೆದರೆ, ಮಳೆ ಬಿದ್ದಿದ್ದರೆ ಇನ್ನೂ ಹೆಚ್ಚು. ಅಂದರೆ 80ರಲ್ಲಿ ಬಂದ ಚಾಲಕ ಎಷ್ಟೇ ಜಾಣನಾಗಿದ್ದರೂ ದೀಪವಿಲ್ಲದ ಟ್ರೇಲರ್ ಕಂಡ ಮೇಲೆ ನಿಲ್ಲಿಸಲಾರ. ಟ್ರೇಲರಿನ ಹಿಂಬದಿಯ ಕಬ್ಬಿಣದ ಅಂಚು ಬೈಕ್ ಸವಾರನ ಎದೆಯ ಮಟ್ಟಕ್ಕೂ, ಕಾರಿನ ಗಾಜಿನ ಮಟ್ಟಕ್ಕೂ ಇರುತ್ತದೆ. ಲಾರಿಗಳಿಗೆ ಹಿಂದೆ ಅಡಿ ನುಗ್ಗದಂತೆ ತಡೆಯುವ ಅಡ್ಡಪಟ್ಟಿ ಕಡ್ಡಾಯ. ಕಬ್ಬಿನ ಟ್ರೇಲರ್‌ಗಳಲ್ಲಿ ಅದನ್ನು ಕಾಣುವುದೇ ಇಲ್ಲ. ಬಂಡಿಯ ಚುಕ್ಕಾಣಿ ಹಿಡಿದವನು ಎಷ್ಟೋ ಸಲ ಹದಿನಾರು, ಹದಿನೇಳರ ಹುಡುಗ.

ಅಪಘಾತ ವಲಯ ಅಂದರೆ ಬ್ಲ್ಯಾಕ್‌ಸ್ಪಾಟ್ ಗುರುತಿಸುವ ಈಗಿನ ಪದ್ಧತಿಯಲ್ಲಿ ಈ ಸಾವುಗಳು ಸಿಗುವುದೇ ಇಲ್ಲ. ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಉದ್ದದಲ್ಲಿ ಮೂರು ವರ್ಷಗಳೊಳಗೆ ಸಾವು ಅಥವಾ ತೀವ್ರ ಗಾಯದ 5 ಅಪಘಾತ ಇಲ್ಲವೇ 10 ಸಾವು ಆಗಿರಬೇಕು ಎಂಬುದು ಅಳತೆ. ದೀಪವಿಲ್ಲದ ಟ್ರೇಲರ್ ಇವತ್ತು ಇಲ್ಲಿ ಕೊಲ್ಲುತ್ತದೆ, ಮುಂದಿನ ವಾರ ಎಂಟು ಕಿಲೊಮೀಟರ್ ಆಚೆ. ಜಾಗ ನೋಡುವ ಕಣ್ಣಿಗೆ ಅದು ಎರಡು ಬಿಡಿ ಘಟನೆ. ವಾಹನದ ಬಗೆ ನೋಡುವ ಕಣ್ಣಿಗೆ ಒಂದೇ ಕಾರಣ.

ಪರಿಹಾರ ದುಬಾರಿಯಲ್ಲ. ಟ್ರೇಲರಿಗೆ ಖಾಯಂ ವೈರಿಂಗ್ ನಿಲ್ಲುವುದಿಲ್ಲ ಎಂದಾದರೆ, ಕಳಚಿ ತೂಗುಹಾಕುವ ದೀಪದ ಹಲಗೆ ಮಾಡಿಸಿ: ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ, ಎರಡು ತುದಿಗೆ ಎಲ್‌ಇಡಿ ಕೆಂಪು ದೀಪ, ನಡುವೆ 50 ಮಿಲಿಮೀಟರ್ ಅಗಲದ ಕೆಂಪು ಪ್ರತಿಫಲಕ ಟೇಪು, ಟ್ರ್ಯಾಕ್ಟರ್ ಬ್ಯಾಟರಿಯವರೆಗೆ ಬರುವ ಒಂದೇ ಉದ್ದನೆಯ ಎರಡೆಳೆ ತಂತಿ. ಹೇರು ಮುಗಿದ ಮೇಲೆ ಕಬ್ಬಿನ ತುದಿಗೇ ಇದನ್ನು ಕೊಕ್ಕೆಯಿಂದ ಬಿಗಿಯಬೇಕು. ಟ್ರೇಲರಿನ ಎರಡೂ ಪಕ್ಕಕ್ಕೆ ಹಳದಿ ಟೇಪು. ದೀಪದ ಹಲಗೆ ಇಲ್ಲದ ಬಂಡಿಗೆ ಕಾರ್ಖಾನೆಯ ಕಾಟಾದಲ್ಲಿ ತೂಕದ ಚೀಟಿ ಕೊಡಬಾರದು. ಪೊಲೀಸರು ನೂರು ಕಡೆ ತಡೆದು ನಿಲ್ಲಿಸುವುದಕ್ಕಿಂತ ಈ ಒಂದು ಬಾಗಿಲಲ್ಲಿ ನೋಡುವುದು ಸುಲಭ, ಏಕೆಂದರೆ ಕಬ್ಬಿನ ಪ್ರತಿ ಬಂಡಿ ಕಾಟಾ ಹತ್ತಲೇಬೇಕು. ಹಂಗಾಮಿಗೆ ಮುನ್ನ ಜಿಲ್ಲಾಧಿಕಾರಿಗಳು ಕಾರ್ಖಾನೆಗಳ ಸಭೆ ಕರೆದೇ ಕರೆಯುತ್ತೀರಿ. ಬೆಲೆ, ಬಾಕಿಯ ಮಾತಿನ ಜೊತೆ ಇದನ್ನೂ ನಡಾವಳಿಯಲ್ಲಿ ಸೇರಿಸಿ ಎಂದು ಕೇಳುತ್ತೇವೆ.

ನಿಂತ ಲಾರಿಯ ಮಾತೂ ಇದಕ್ಕೆ ಹತ್ತಿರದ್ದೇ. ಚಳಗೇರಿಯಿಂದ ಬಂಕಾಪುರ, ಅಲ್ಲಿಂದ ಹುಬ್ಬಳ್ಳಿಯವರೆಗೆ ರಾತ್ರಿ ಹೊತ್ತು ರಸ್ತೆಯಂಚಿಗೆ ಸಾಲುಗಟ್ಟಿ ನಿಂತ ಲಾರಿಗಳು ಕಾಣುತ್ತವೆ. ಟೈರ್ ಸಿಡಿದಿರುತ್ತದೆ, ಇಲ್ಲವೇ ಚಾಲಕನಿಗೆ ನಿದ್ದೆ. ಒಂಟಿ ಚಾಲಕ, ಕ್ಲೀನರ್ ಇಲ್ಲ. ಬಲಗಡೆಯ ಹಿಂದಿನ ಒಳಚಕ್ರ ಬಿಚ್ಚಬೇಕೆಂದರೆ ಅವನು ಓಡುವ ಬಂಡಿಗಳ ಪಕ್ಕದಲ್ಲೇ ಕೂರಬೇಕು. ತ್ರಿಕೋನ ಫಲಕ ಕ್ಯಾಬಿನ್‌ನಲ್ಲಿದ್ದರೂ ಕಳುವಾಗುತ್ತದೆಂದು ಹೊರಗೆ ಇಡುವುದಿಲ್ಲ. ಕಲ್ಲು, ಗಿಡದ ಟೊಂಗೆ ಇಟ್ಟು, ಹೊರಡುವಾಗ ಕಲ್ಲನ್ನು ಅಲ್ಲೇ ಬಿಟ್ಟುಹೋಗುತ್ತಾರೆ. ನಸುಕಿನಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಬರುವ ಬೈಕಿನವನು ಆ ಕಲ್ಲಿಗೆ ಬೀಳುತ್ತಾನೆ. ಅಪಾಯವಾಗುವಂತೆ ವಾಹನ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಕಲಂ ನಿಷೇಧಿಸುತ್ತದೆ. ದಂಡ ಹಾಕಿ, ಬೇಡವೆನ್ನುವುದಿಲ್ಲ. ಆದರೆ ಶೌಚಾಲಯ, ಬೆಳಕು, ಕಾವಲು ಇರುವ ನಿಲುಗಡೆ ಜಾಗ ಇಲ್ಲದಿದ್ದರೆ ಅದೇ ಲಾರಿ ಮುಂದಿನ ಕಿಲೊಮೀಟರಿನಲ್ಲಿ ನಿಲ್ಲುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಮೆಣಸಿನಕಾಯಿ ಆವಕ ಏರುವ ತಿಂಗಳುಗಳಲ್ಲಾದರೂ ಲಾರಿಗಳಿಗೆ ಬೈಲು ಗೊತ್ತುಮಾಡಿ, ಹೆದ್ದಾರಿ ಗಸ್ತಿನವರು ನಿಂತ ಬಂಡಿಯ ಹಿಂದೆ ಕನಿಷ್ಠ 50 ಮೀಟರ್ ದೂರದಿಂದ ಕೋನುಗಳನ್ನು ಇಡುವ ವ್ಯವಸ್ಥೆ ಆಗಬೇಕು.

ಕ್ರೂಸರ್, ಟಂಟಂ, ಮಿನಿ ಗೂಡ್ಸ್ ಬಂಡಿಗಳಲ್ಲಿ ಜನ ಹೇರುವುದರ ಬಗ್ಗೆ ತಾವು ಆಗಾಗ ಎಚ್ಚರಿಕೆ ಕೊಡುತ್ತೀರಿ. ಹದಿಮೂರು ಜನರ ಕ್ರೂಸರ್‌ಗೆ ಇನ್ನೂ ಎಂಟು ಜನ ಹತ್ತಿದರೆ ಸುಮಾರು 480 ಕೆ.ಜಿ. ಹೆಚ್ಚುವರಿ ಭಾರ. ಅದರಲ್ಲಿ ಬಹುಪಾಲು ಹಿಂದಿನ ಚಕ್ರದ ಮೇಲೆ, ಸಾಮಾನು ಚಾವಣಿ ಮೇಲೆ. ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ತೇಲುತ್ತದೆ, ತಿರುವಿನಲ್ಲಿ ಬಂಡಿ ಹೊರಕ್ಕೆ ವಾಲುತ್ತದೆ, ಸವೆದ ಹಿಂಟೈರು ಕಾದು ಸಿಡಿಯುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ಜನ ಹತ್ತುತ್ತಾರೆ, ಏಕೆಂದರೆ ಆ ಹೊತ್ತಿಗೆ ಬೇರೆ ಬಂಡಿ ಇಲ್ಲ. ಸವಣೂರು, ಶಿಗ್ಗಾಂವಿ, ಲಕ್ಷ್ಮೇಶ್ವರ ಕಡೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಹೋಗುವ ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣದ ಹಕ್ಕಿದೆ. ನಸುಕಿಗೆ ಹೊಲ ಮುಟ್ಟಿಸುವ ಬಸ್ಸಿಲ್ಲ. ಸರಕಿನ ಬಂಡಿಯಲ್ಲಿ ಕೂತ ಕೂಲಿಯವರು ಸತ್ತರೆ ವಿಮೆಯ ಪರಿಹಾರಕ್ಕೂ ವರ್ಷಗಟ್ಟಲೆ ಅಲೆದಾಟ. ಬಿಡಿಸುವ ಹಂಗಾಮಿನಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಿಂದ ನಸುಕಿನ ಬಸ್ ಓಡಿಸಲು ಸಮಿತಿ ಬರೆಯಬೇಕು.

ದ್ವಿಚಕ್ರದ ಬಗ್ಗೆ ಚುಟುಕಾಗಿ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ ಶೇ 44.5ರಷ್ಟು ಮಂದಿ ದ್ವಿಚಕ್ರದವರು. ಹೆಲ್ಮೆಟ್ಟಿನ ಮಾತು ಎಲ್ಲರೂ ಆಡುತ್ತಾರೆ. ಬ್ರೇಕಿನ ಮಾತು ಯಾರೂ ಆಡುವುದಿಲ್ಲ. ಒಣ ರಸ್ತೆಯಲ್ಲಿ ನಿಲ್ಲಿಸುವ ಬಲದ ಹೆಚ್ಚಿನ ಪಾಲು ಬರುವುದು ಮುಂದಿನ ಬ್ರೇಕಿನಿಂದ. ನಮ್ಮ ಹಳ್ಳಿಗಳ ಸವಾರರು ಬೀಳುವ ಹೆದರಿಕೆಯಿಂದ ಹಿಂದಿನ ಬ್ರೇಕನ್ನೇ ತುಳಿಯುತ್ತಾರೆ, ಬಂಡಿ ಜಾರುತ್ತದೆ. ಲೈಸೆನ್ಸ್ ಪರೀಕ್ಷೆಯ ಎಂಟರ ಆಕಾರದಲ್ಲಿ ಇದು ಬಯಲಾಗುವುದೇ ಇಲ್ಲ. ಹದಿನಾರಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ ಗೇರ್‌ರಹಿತ ಬಂಡಿಗೆ ಮಾತ್ರ. ಅಂಥ ಪೆಟ್ರೋಲ್ ಬಂಡಿ ಈಗ ಷೋರೂಮುಗಳಲ್ಲಿ ಸಿಗುವುದಿಲ್ಲ. ಹಾಗಾಗಿ ಧಾರವಾಡದ ಕಾಲೇಜು, ಟ್ಯೂಶನ್ ರಸ್ತೆಗಳಲ್ಲಿ ಆ ವಯಸ್ಸಿನವರು ಓಡಿಸುತ್ತಿರುವುದು 110 ಸಿಸಿ ಸ್ಕೂಟರ್. ಕಾಯ್ದೆಯ 199-ಎ ಕಲಂ ಪ್ರಕಾರ ಪಾಲಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ ಇದೆ ಎಂಬುದನ್ನು ಕಾಲೇಜು ಪ್ರವೇಶದ ದಿನವೇ ಪಾಲಕರಿಗೆ ಓದಿಹೇಳಿಸಿ.

ಈಗ ಮುಖ್ಯ ಬೇಡಿಕೆ. ಅಪಘಾತಗಳ ಸಮಗ್ರ ದತ್ತಾಂಶಕ್ಕೆ ಐಆರ್‌ಎಡಿ ವ್ಯವಸ್ಥೆ ಮೊದಲು ಬಂದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಪೊಲೀಸ್, ಸಾರಿಗೆ, ಹೆದ್ದಾರಿ, ಆರೋಗ್ಯ ಇಲಾಖೆಗಳು ಅದರಲ್ಲಿ ತಮ್ಮ ತಮ್ಮ ಭಾಗ ತುಂಬಬೇಕು. ಅದರ ಜೊತೆಗೆ ಒಂದೇ ಪುಟದ ಪೂರಕ ನಮೂನೆಯನ್ನು ಮೂರು ಜಿಲ್ಲೆಗಳಲ್ಲಿ ಜಾರಿಗೆ ತನ್ನಿ. ಲೈಸೆನ್ಸಿನ ವರ್ಗ ಮತ್ತು ವರ್ಷ. ಈ ಬಗೆಯ ಬಂಡಿಯ ಅನುಭವ ಎಷ್ಟು ತಿಂಗಳು. ಚಕ್ರದ ಮುಂದೆ ಕೂತ ಹೊತ್ತು ಮತ್ತು ಕೊನೆಯ ನಿದ್ದೆ. ಬಂಡಿ ಸ್ವಂತದ್ದೋ ಬೇರೆಯವರದೋ, ಸಂಬಳವೋ ಟ್ರಿಪ್ಪೋ. ಹೇರು ಮತ್ತು ಜನರ ಲೆಕ್ಕ. ದೀಪ, ಟೇಪು, ಟೈರು, ಬ್ರೇಕ್ ಹೇಗಿದ್ದವು. ಬಂಡಿಯನ್ನು ಎಳೆದು ಠಾಣೆಗೆ ಸಾಗಿಸುವ ಮೊದಲೇ ಮೋಟಾರು ವಾಹನ ನಿರೀಕ್ಷಕರು ಸ್ಥಳದಲ್ಲಿ ನೋಡಬೇಕು. ಕ್ರೇನ್ ಎತ್ತಿದ ಮೇಲೆ ಯಾವ ಪೈಪು ಮೊದಲೇ ಸೋರುತ್ತಿತ್ತು, ಯಾವುದು ಎತ್ತುವಾಗ ಹರಿಯಿತು ಎಂದು ಯಾರೂ ಹೇಳಲಾರರು.

ಈ ನಮೂನೆಯನ್ನು ಶಿಕ್ಷೆಯ ಕಡತದಿಂದ ದೂರವಿಡಿ. ಇಲ್ಲದಿದ್ದರೆ ಸುಳ್ಳೇ ತುಂಬುತ್ತದೆ. ವಿಮೆ ಕೈತಪ್ಪುತ್ತದೆಂಬ ಭಯಕ್ಕೆ ಅಪಘಾತದ ಬಳಿಕ ಲೈಸೆನ್ಸ್ ಇದ್ದವನನ್ನು ತಂದು ‘ಇವನೇ ಓಡಿಸುತ್ತಿದ್ದ’ ಎಂದು ನಿಲ್ಲಿಸುವುದು ಈ ಭಾಗದಲ್ಲಿ ಹೊಸದೇನಲ್ಲ. ಆಗ ದಾಖಲೆಯಲ್ಲಿ ಎಲ್ಲ ಚಾಲಕರೂ ಅನುಭವಿಗಳೇ ಆಗಿರುತ್ತಾರೆ! ಚಾಲಕ ಎಷ್ಟು ಹೊತ್ತಿನಿಂದ ರಸ್ತೆಯಲ್ಲಿದ್ದ ಎಂಬುದಕ್ಕೆ ಟೋಲ್ ನಾಕಾಗಳ ಫಾಸ್ಟ್ಯಾಗ್ ಹೊತ್ತು ನೋಡಿದರೆ ಸಾಕು, ಅದು ಯಾರ ಬಾಯಿಯನ್ನೂ ಅವಲಂಬಿಸುವುದಿಲ್ಲ.

ಲೆಕ್ಕ ಮಾಡುವಾಗ ಒಂದು ತಪ್ಪು ಆಗದಿರಲಿ. ಬೈಕಿನ ಅಪಘಾತ ಇಷ್ಟು, ಟಿಪ್ಪರಿನದು ಇಷ್ಟು ಎಂದು ಬರೀ ಸಂಖ್ಯೆ ಹೋಲಿಸಿದರೆ ಬೈಕೇ ಯಾವಾಗಲೂ ಮೇಲೆ ನಿಲ್ಲುತ್ತದೆ, ಏಕೆಂದರೆ ರಸ್ತೆಯ ಮೇಲೆ ಬೈಕುಗಳೇ ಹೆಚ್ಚು. ಯುವ ಚಾಲಕರ ವಿಷಯವೂ ಹಾಗೆಯೇ. ರಸ್ತೆಯಲ್ಲಿ ಅವರೇ ಹೆಚ್ಚಿದ್ದಾರೆ. ಕೆಎ 25, 26, 27, 63 ಮತ್ತು 68ರ ಕಚೇರಿಗಳಲ್ಲಿ ವರ್ಗವಾರು ನೋಂದಣಿ ಇದೆ, ಟೋಲ್‌ಗಳಲ್ಲಿ ನಾಲ್ಕು ಚಕ್ರದಿಂದ ಮೇಲಿನ ವಾಹನಗಳ ವರ್ಗವಾರು ಎಣಿಕೆ ಇದೆ. ಪ್ರತಿ ಸಾವಿರ ವಾಹನಕ್ಕೆ ಎಷ್ಟು ಅಪಘಾತ, ಪ್ರತಿ ನೂರು ಅಪಘಾತಕ್ಕೆ ಎಷ್ಟು ಸಾವು, ಸತ್ತವರು ಬಂಡಿಯ ಒಳಗಿದ್ದವರೋ ಹೊರಗಿದ್ದವರೋ ಎಂದು ಮೂರು ಕಾಲಂ ಮಾಡಿಸಿ. ಟಿಪ್ಪರ್, ಟ್ರೇಲರ್‌ಗಳ ನಿಜವಾದ ಅಪಾಯ ಮೂರನೆಯ ಕಾಲಂನಲ್ಲಿ ಹೊರಬರುತ್ತದೆ. ಈ ವಿಶ್ಲೇಷಣೆಗೆ ಬೆಂಗಳೂರಿನ ಸಲಹೆಗಾರರನ್ನು ಕರೆಸಬೇಕಿಲ್ಲ. ಧಾರವಾಡದಲ್ಲಿ ಐಐಟಿ ಇದೆ, ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ವಿಭಾಗವಿದೆ, ಹೆಸರು ತೆಗೆದ ದತ್ತಾಂಶವನ್ನು ಅವರ ಕೈಗೆ ಕೊಡಿ.

ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಪೂರಕ ನಮೂನೆ, ಕಾಟಾದಲ್ಲಿ ದೀಪದ ತಪಾಸಣೆ, ಲಾರಿ ನಿಲುಗಡೆ, ನಸುಕಿನ ಬಸ್ ಈ ನಾಲ್ಕು ವಿಷಯಗಳನ್ನು ಸೇರಿಸಿ, ಕೈಗೊಂಡ ತೀರ್ಮಾನವನ್ನು ಪತ್ರಿಕೆಗಳ ಮೂಲಕ ಸಾರ್ವಜನಿಕರಿಗೆ ತಿಳಿಸಬೇಕೆಂದು ವಿನಂತಿಸುತ್ತೇವೆ. ಇವುಗಳಲ್ಲಿ ದೀಪದ ಹಲಗೆಯದು ಈ ಸಲದ ಕಬ್ಬಿನ ಹಂಗಾಮಿಗೆ ಮುನ್ನವೇ ಆಗಬೇಕು. ಅದರ ಮಾದರಿ ಮಾಡಿ ತೋರಿಸಲು, ಚಾಲಕರಿಗೆ ಹೇರು ಇಟ್ಟ ಬಂಡಿಯ ಮೇಲೆ ಬ್ರೇಕ್ ಅಭ್ಯಾಸ ಮಾಡಿಸಲು ನಮ್ಮಲ್ಲಿನ ಗ್ಯಾರೇಜಿನವರು ಮತ್ತು ತರಬೇತುದಾರರು ಸಂಭಾವನೆ ಇಲ್ಲದೆ ಬರುತ್ತಾರೆ. ತಮ್ಮ ಕಚೇರಿ ದಿನ ಮತ್ತು ಬೈಲು ಗೊತ್ತುಮಾಡಿದರೆ ಸಾಕು.

ವಂದನೆಗಳೊಂದಿಗೆ,

ಹುಬ್ಬಳ್ಳಿ–ಧಾರವಾಡ, ಗದಗ ಮತ್ತು ಹಾವೇರಿ ಭಾಗದ ಚಾಲಕರು, ಮೆಕ್ಯಾನಿಕರು ಮತ್ತು ಚಾಲನಾ ತರಬೇತುದಾರರು

ಪ್ರತಿಗಳು: ಪೊಲೀಸ್ ಆಯುಕ್ತರು, ಹುಬ್ಬಳ್ಳಿ–ಧಾರವಾಡ, ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳು ಮತ್ತು ಪ್ರಾದೇಶಿಕ ಸಾರಿಗೆ ಅಧಿಕಾರಿಗಳು, ಧಾರವಾಡ, ಗದಗ, ಹಾವೇರಿ.